ಡೋರಿ–ಬೆಣಚಿ ಹಳ್ಳ: ತೆರೆಯ ಮೇಲಿನ ಚರಿತ್ರೆಯೂ ರನ್ನನ ಮರುಳೂ

ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಅಳ್ನಾವರವನ್ನು ಹೊರಗಿನವರು ಬಲ್ಲುದು ಹೆಚ್ಚಾಗಿ ಒಂದು ರೈಲ್ವೆ ಜಂಕ್ಷನ್ನಿನ ಹೆಸರಾಗಿ. ಧಾರವಾಡದಿಂದ ಲೋಂಡಾದತ್ತ ಸಾಗುವ ಹಳಿಯಿಂದ ದಾಂಡೇಲಿಯ ಕವಲು ಒಡೆಯುವುದು ಇಲ್ಲಿ. ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ಸೆರಗು ಮೊದಲಾಗುವುದೂ ಇಲ್ಲಿಯೇ. ಈ ಊರಿನ ಸಮೀಪದಲ್ಲಿ ಡೋರಿ, ಬೆಣಚಿ ಎಂಬ ಎರಡು ಹಳ್ಳಿಗಳಿವೆ. ಅವೆರಡರ ಹೆಸರನ್ನೂ ಜೋಡಿಸಿಕೊಂಡ ಹಳ್ಳವೊಂದು ಕಿತ್ತೂರು ನಾಡಿನ ನೆನಪಿನಲ್ಲಿ ಉಳಿದಿದೆ. 1830ರ ಏಪ್ರಿಲ್ ತಿಂಗಳಲ್ಲಿ ಸಂಗೊಳ್ಳಿ ರಾಯಣ್ಣ ಕಂಪನಿ ಸರಕಾರದ ಕೈಗೆ ಸೆರೆಸಿಕ್ಕದ್ದು ಇಲ್ಲಿ. ಸ್ನಾನಕ್ಕೆ ಇಳಿದವನ ಖಡ್ಗವನ್ನು ನಂಬಿಕೆಯ ಸಂಗಾತಿಯ ವೇಷದಲ್ಲಿದ್ದವನು ದೂರ ಒಯ್ದನೆಂದೂ, ನಿರಾಯುಧನಾದ ವೀರನನ್ನು ಅಡಗಿದ್ದವರು ಮುತ್ತಿ ಹಿಡಿದರೆಂದೂ ಜನಪದ ಹೇಳುತ್ತ ಬಂದಿದೆ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಒಂದು ಹಳ್ಳ, ಒಂದು ಖಡ್ಗ, ಒಂದು ನಂಬಿಕೆದ್ರೋಹ: ಚಲನಚಿತ್ರಕ್ಕೆ ಇದಕ್ಕಿಂತ ಸಿದ್ಧವಾದ ದೃಶ್ಯ ಬೇರೊಂದು ಸಿಗುವುದು ಕಷ್ಟ. ರಾಯಣ್ಣನ ಕಥೆಯನ್ನು ಹೇಳುವ ಯಾವ ನಾಟಕವೂ ಚಿತ್ರವೂ ಈ ಹಳ್ಳವನ್ನು ದಾಟದೆ ಮುಂದೆ ಹೋಗಲಾರದು. ಆದ್ದರಿಂದಲೇ ಐತಿಹಾಸಿಕ ಚಿತ್ರಗಳನ್ನು ವಿಮರ್ಶಿಸುವ ನಮ್ಮ ಮಾನದಂಡಗಳನ್ನು ಪರೀಕ್ಷಿಸಲು ಇದು ತಕ್ಕ ತಾಣವಾಗಿದೆ. ಇಂಥ ಚಿತ್ರಗಳು ಬಂದಾಗ ಕನ್ನಡದ ವಿಮರ್ಶೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ನಡೆದದ್ದು ಹೀಗೆಯೇ ನಡೆಯಿತೇ ಎಂಬುದು ಮೊದಲನೆಯದು. ಉಡಿಗೆ ತೊಡಿಗೆ, ಕೋಟೆ ಕೊತ್ತಲ, ಮಾತಿನ ಧಾಟಿ ಆ ಕಾಲಕ್ಕೆ ಒಪ್ಪುತ್ತವೆಯೇ ಎಂಬುದು ಎರಡನೆಯದು. ಇವು ಅಗತ್ಯದ ಪ್ರಶ್ನೆಗಳೇ ಹೌದು; ಆದರೆ ಸಾಕಾಗುವ ಪ್ರಶ್ನೆಗಳಲ್ಲ. ಕನ್ನಡ ಕಾವ್ಯಪರಂಪರೆಯೇ ಇವಕ್ಕಿಂತ ಆಳವಾದ ಎರಡು ಪ್ರಶ್ನೆಗಳನ್ನು ಸಾವಿರ ವರ್ಷಗಳ ಹಿಂದೆ ನಮ್ಮ ಕೈಗಿತ್ತಿದೆ. ಆ ಚರಿತ್ರೆಗೆ ಯಾರ ಮುಖವನ್ನು ತೊಡಿಸಲಾಗಿದೆ? ಸತ್ತವರಿಗೆ ಅದರಲ್ಲಿ ಮಾತನಾಡುವ ಅವಕಾಶವಿದೆಯೇ?

ಮೊದಲ ಪ್ರಶ್ನೆ ಪಂಪನದು. 941ರ ಸುಮಾರಿಗೆ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ಭಾರತದ ಅರ್ಜುನನಿಗೆ ತನ್ನ ಒಡೆಯ ಚಾಲುಕ್ಯ ಅರಿಕೇಸರಿಯ ಮುಖವನ್ನು ತೊಡಿಸಿದನು. ಪಂಪನ ತಾಯಿಯ ಕಡೆಯವರು ಇದೇ ಧಾರವಾಡ ಜಿಲ್ಲೆಯ ಅಣ್ಣಿಗೇರಿಯವರೆಂಬುದನ್ನು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿಯುತ್ತೇವೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ರನ್ನನು ‘ಸಾಹಸಭೀಮ ವಿಜಯ’ದಲ್ಲಿ ಭೀಮನಿಗೆ ಇರಿವಬೆಡಂಗ ಸತ್ಯಾಶ್ರಯನ ಮುಖವನ್ನು ಕೊಟ್ಟನು. ಈ ಅಭೇದಕಲ್ಪನೆಯನ್ನು ಅಂದಿನ ಓದುಗರು ಕಾಲಪ್ರಮಾದವೆಂದು ಎಣಿಸಲಿಲ್ಲ. ಹಳೆಯ ಕಥೆಯನ್ನು ಹೇಳುವವನು ತನ್ನ ಕಾಲದ ಮುಖವನ್ನು ಅದಕ್ಕೆ ತೊಡಿಸುತ್ತಾನೆಂಬುದು ಕವಿಗೂ ಸಭೆಗೂ ತಿಳಿದಿದ್ದ ಒಪ್ಪಂದವಾಗಿತ್ತು. ಪರೀಕ್ಷೆಯಿದ್ದದ್ದು ಆ ಮುಖ ಕಥೆಯ ಮೈಗೆ ಕೂಡಿಕೊಂಡಿತೇ ಎಂಬುದರಲ್ಲಿ.

ಈ ದೃಷ್ಟಿಯಿಂದ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಚಿತ್ರವನ್ನು ನೋಡಬೇಕು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜ ದೇಸಾಯಿಯಾಗಿ ಅಭಿನಯಿಸಿದ ಈ ಚಿತ್ರ ಒಂದೆರಡು ತಲೆಮಾರಿನ ಕನ್ನಡಿಗರಿಗೆ ಕಿತ್ತೂರಿನ ಇತಿಹಾಸವೇ ಆಗಿಬಿಟ್ಟಿತು. ರಾಣಿಯು ಕಪ್ಪವನ್ನು ನಿರಾಕರಿಸಿ ಆಂಗ್ಲ ಅಧಿಕಾರಿಯ ಮುಂದೆ ಗುಡುಗುವ ಸಂಭಾಷಣೆ ಶಾಲಾ ವಾರ್ಷಿಕೋತ್ಸವಗಳ ಏಕಪಾತ್ರಾಭಿನಯವಾಗಿ ಇಂದಿಗೂ ಉಳಿದಿದೆ. ಆದರೆ 1824ರ ಕಿತ್ತೂರಿನ ಬಿಕ್ಕಟ್ಟಿನ ತಿರುಳು ಕಪ್ಪವಾಗಿರಲಿಲ್ಲ. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಆ ವರ್ಷದ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅರಮನೆಯ ಬೊಕ್ಕಸಕ್ಕೆ ಕಾವಲು ಹಾಕಿಸಿದನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಅವನು ಸತ್ತನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ವಾರಸುದಾರಿಕೆಯ ಹೆಸರಿನಲ್ಲಿ ಸಂಸ್ಥಾನಗಳನ್ನು ನುಂಗಿದ್ದಕ್ಕೆ ಹೆಸರಾದ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲೇ ಕಿತ್ತೂರು ಅದೇ ಪ್ರಶ್ನೆಯನ್ನು ಎದುರಿಸಿತ್ತೆಂಬುದು ಅದರ ಐತಿಹಾಸಿಕ ವೈಶಿಷ್ಟ್ಯ.

ಹಾಗಿದ್ದರೆ ಕಪ್ಪ ಚಿತ್ರದ ನಡುಮಧ್ಯಕ್ಕೆ ಬಂದುದೇಕೆ? ಉತ್ತರವನ್ನು ಪಂತುಲು ಅವರದೇ ಹಿಂದಿನ ಚಿತ್ರದಲ್ಲಿ ಹುಡುಕಬೇಕಾಗುತ್ತದೆ. ಎರಡು ವರ್ಷ ಮೊದಲು, 1959ರಲ್ಲಿ, ಅವರು ಶಿವಾಜಿ ಗಣೇಶನ್ ಅಭಿನಯದ ‘ವೀರಪಾಂಡಿಯ ಕಟ್ಟಬೊಮ್ಮನ್’ ಎಂಬ ತಮಿಳು ಚಿತ್ರವನ್ನು ನಿರ್ದೇಶಿಸಿದ್ದರು. 1799ರಲ್ಲಿ ಕಂಪನಿ ಗಲ್ಲಿಗೇರಿಸಿದ ಆ ಪಾಳೆಯಗಾರನ ಕಥೆಯಲ್ಲಿ ಕಂದಾಯದ ನಿರಾಕರಣೆಯೇ ಮುಖ್ಯ. ಆಂಗ್ಲ ಅಧಿಕಾರಿಯೊಡನೆ ಅವನು ನಡೆಸುವ ವಾಗ್ವಾದವೇ ಅದರ ಶಿಖರ. ಆ ಅಚ್ಚು ಕಿತ್ತೂರಿಗೂ ಬಂದಂತೆ ತೋರುತ್ತದೆ. ದತ್ತಕದ ಸೂಕ್ಷ್ಮ ಕಾನೂನು ತೆರೆಯ ಮೇಲೆ ಗುಡುಗಲಾರದು, ಕಪ್ಪ ಗುಡುಗಬಲ್ಲದು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾಗಿತ್ತು, ಕರ್ನಾಟಕದ ಏಕೀಕರಣವಾಗಿ ಐದು ವರ್ಷ. ಕರನಿರಾಕರಣೆಯ ಚಳವಳಿಯನ್ನು ಕಣ್ಣಾರೆ ಕಂಡವರು ಇನ್ನೂ ಪ್ರೇಕ್ಷಕರ ನಡುವೆ ಇದ್ದರು. ಮುಂಬಯಿ ಪ್ರಾಂತದಲ್ಲಿದ್ದ ಕಿತ್ತೂರು ನಾಡನ್ನು ಹಳೆಯ ಮೈಸೂರಿನವರಿಗೆ ತಮ್ಮದಾಗಿ ಪರಿಚಯಿಸಿದ್ದರಲ್ಲಿಯೂ ಈ ಚಿತ್ರದ ಪಾಲು ದೊಡ್ಡದು. ಪಂಪನು ಅರ್ಜುನನಿಗೆ ಅರಿಕೇಸರಿಯ ಮುಖ ತೊಡಿಸಿದಂತೆ ಪಂತುಲು ಅವರು 1824ರ ರಾಣಿಗೆ ಇಪ್ಪತ್ತನೆಯ ಶತಮಾನದ ರಾಷ್ಟ್ರೀಯ ಚಳವಳಿಯ ಮುಖವನ್ನು ತೊಡಿಸಿದರು. ಇದನ್ನು ತಪ್ಪೆಂದು ತಳ್ಳಿಹಾಕುವುದಕ್ಕಿಂತ, ಇದರಿಂದ ಏನು ದೊರೆಯಿತು, ಏನು ಮರೆಯಾಯಿತು ಎಂದು ಲೆಕ್ಕ ಹಾಕುವುದು ವಿಮರ್ಶೆಯ ಕೆಲಸ. ದೊರೆತದ್ದು ಒಂದು ನಾಡಿಗೆಲ್ಲ ಸಲ್ಲುವ ರಾಣಿ. ಮರೆಯಾದದ್ದು ದತ್ತಕ, ವತನ, ಇನಾಮುಗಳ ಜಗತ್ತು. ಆ ಜಗತ್ತಿಲ್ಲದೆ ಡೋರಿ–ಬೆಣಚಿ ಹಳ್ಳದಲ್ಲಿ ನಡೆದದ್ದು ಅರ್ಥವಾಗುವುದಿಲ್ಲ.

ರಾಯಣ್ಣನು ಅರಸುಮನೆತನದವನಲ್ಲ, ಗ್ರಾಮರಕ್ಷಣೆಯ ಸೇವೆಗಾಗಿ ಭೂಮಿಯನ್ನು ಉಂಬಳಿಯಾಗಿ ಪಡೆದಿದ್ದ ವಾಲೀಕಾರರ ಮನೆಯವನು. ಕಿತ್ತೂರು ಬಿದ್ದ ಮೇಲೆ ಕಂಪನಿ ಇಂಥ ಭೂಮಿಗಳ ಮೇಲೆ ಕೈಯಿಟ್ಟಿತು. 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅದೇ ವರ್ಷ ಹೊತ್ತಿಕೊಂಡ ರಾಯಣ್ಣನ ಬಂಡಾಯವು ಕಂಪನಿಯ ಕಚೇರಿಗಳ ಮೇಲೆಯೇ ಎರಗಿತು. ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು. ಭೂಮಿಯ ಹಕ್ಕನ್ನು ಕಸಿದುಕೊಂಡದ್ದು ಕಾಗದವಾದ್ದರಿಂದ ಕಾಗದವೇ ಮೊದಲ ಶತ್ರುವಾಯಿತು. ಅವನ ಘೋಷಿತ ಗುರಿ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರುವುದು. ಆದರೆ ಗೌಡಿಕೆ, ಕುಲಕರ್ಣಿಕೆಗಳ ವತನವನ್ನು ಕಂಪನಿ ಸ್ಥಿರಪಡಿಸಿದ್ದ ಮನೆಗಳೂ ಈ ನಾಡಿನಲ್ಲಿದ್ದವು. ಅವರ ಅನ್ನ ಇದೇ ಕಾಗದದ ಮೇಲೆ ನಿಂತಿತ್ತು. ರಾಯಣ್ಣನನ್ನು ಹಿಡಿದುಕೊಟ್ಟವರು ನಾಡಿನೊಳಗಿನ ಗೌಡರೇ ಆಗಿದ್ದರೆಂಬುದು ಮತ್ತು ಅದಕ್ಕೆ ಅವರು ಬಹುಮಾನ ಪಡೆದರೆಂಬುದು ಕೇವಲ ದುಷ್ಟತನದ ಕಥೆಯಲ್ಲ. ಒಂದೇ ಊರಿನ ಇಬ್ಬರ ಹೊಲಗಳನ್ನು ಹೊಸ ಆಡಳಿತವು ಎರಡು ಬಗೆಯಾಗಿ ನಡೆಸಿಕೊಂಡುದರ ಫಲ ಅದು.

ಲಾವಣಿಕಾರರಿಗೆ ಈ ಒಳಜಗಳ ಗೊತ್ತಿತ್ತು. ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸತೊಡಗಿದ ಉತ್ತರ ಕರ್ನಾಟಕದ ಲಾವಣಿಗಳಲ್ಲಿ ರಾಯಣ್ಣನ ದಂಗೆಯದೂ ಒಂದು. ಅವನನ್ನು ಗಲ್ಲಿಗೇರಿಸಿದ ಆಡಳಿತದ ಅಧಿಕಾರಿಯೊಬ್ಬನೇ ಅರ್ಧ ಶತಮಾನದ ಮೇಲೆ ಅವನ ಹಾಡನ್ನು ಅಚ್ಚು ಹಾಕಿಸಿದನೆಂಬುದು ಇತಿಹಾಸದ ವಿಚಿತ್ರ ನ್ಯಾಯ.

ರಾಯಣ್ಣ ತೆರೆಗೆ ಬಂದದ್ದು ಎರಡು ಸಲ, ಒಂದೇ ಹೆಸರಿನಲ್ಲಿ. ಅನಂತ ಹಿರೇಗೌಡರ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (1967) ಇಂದು ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು ಲಕ್ಷ್ಮಣ ಬೆರ್ಲೇಕರ್ ಅವರ ಸಂಗೀತದಲ್ಲಿ ಲತಾ ಮಂಗೇಶಕರ್ ಕನ್ನಡದಲ್ಲಿ ಹಾಡಿದ ಚಿತ್ರವೆಂದು. ನಾಗಣ್ಣ ನಿರ್ದೇಶಿಸಿ, ದರ್ಶನ್ ರಾಯಣ್ಣನಾಗಿ, ಜಯಪ್ರದಾ ಚೆನ್ನಮ್ಮನಾಗಿ ನಟಿಸಿದ ಚಿತ್ರ 2012ರ ರಾಜ್ಯೋತ್ಸವದ ದಿನ ಬಿಡುಗಡೆಯಾಯಿತು. ಮೊದಲನೆಯದರಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಮುಖ ಬದಲಾಗಿತ್ತು. ಈಗ ಐತಿಹಾಸಿಕ ವೀರನಿಗೆ ತೊಡಿಸಿದ್ದು ಚಳವಳಿಯ ಮುಖವಲ್ಲ, ತಾರೆಯ ಮುಖ. ತಾರಾಚಿತ್ರಕ್ಕೆ ತನ್ನದೇ ವ್ಯಾಕರಣವಿದೆ: ನಾಯಕನು ಸೋಲಬಹುದು, ಅಸಹಾಯಕನಾಗಬಾರದು. ಹಳ್ಳದ ನೀರಿನಲ್ಲಿ ಬರಿಗೈಯಲ್ಲಿ ನಿಂತ ಮನುಷ್ಯನ ಕ್ಷಣಮಾತ್ರದ ಅಸಹಾಯಕತೆ ಲಾವಣಿಗೆ ಜೀವ. ತಾರಾಚಿತ್ರಕ್ಕೆ ಅದೇ ಸಂಕಟ. ಇಲ್ಲಿಂದ ಎರಡನೆಯ ಪ್ರಶ್ನೆ, ಸತ್ತವರ ಪ್ರಶ್ನೆ, ಹುಟ್ಟುತ್ತದೆ.

ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದವನು ರನ್ನ. ‘ಸಾಹಸಭೀಮ ವಿಜಯ’ದಲ್ಲಿ ಸಂಜಯನೊಡನೆ ರಣಭೂಮಿಯನ್ನು ದಾಟುವ ದುರ್ಯೋಧನನು ದ್ರೋಣ, ದುಶ್ಶಾಸನ, ಕರ್ಣರ ಶವಗಳನ್ನು ಕಾಣುತ್ತಾನೆ, ವೈರಿಯ ಮಗ ಅಭಿಮನ್ಯುವಿನ ಶವದ ಮುಂದೆ ಕೈಮುಗಿಯುವಷ್ಟು ಎತ್ತರಕ್ಕೆ ಏರುತ್ತಾನೆ. ಅದೇ ಕಳದಲ್ಲಿ ಮರುಳುಗಳು ಓಡಾಡುತ್ತಿರುತ್ತವೆ. ಒಂದು ಮರುಳು ಚಕ್ರವರ್ತಿಯನ್ನೇ ತಡೆದು ಗೇಲಿ ಮಾಡುತ್ತದೆ. ಮರುಳೆಂದರೆ ಪಿಶಾಚಿ, ಮರುಳೆಂದರೆ ಹುಚ್ಚು. ಇಬ್ಬರಲ್ಲಿ ನಿಜವಾದ ಮರುಳು ಯಾರೆಂಬ ಸಂದೇಹವನ್ನು ರನ್ನನು ಆ ಶ್ಲೇಷದಲ್ಲಿ ನಿಲ್ಲಿಸುತ್ತಾನೆ. ಕಾವ್ಯದ ನಾಯಕ ಭೀಮ, ಅವನ ಮುಖ ಸತ್ಯಾಶ್ರಯನದು, ಗೆಲುವು ಅವರದು. ಆದರೂ ಕವಿ ಸೋತವನೊಡನೆ ಹೆಣಗಳ ನಡುವೆ ನಡೆದನು, ಹೆಣಗಳ ಮೇಲೆ ಬದುಕುವ ಜೀವಿಗೆ ಮಾತು ಕೊಟ್ಟನು. ಒಡೆಯನ ಮುಖ ಮತ್ತು ಮರುಳಿನ ಮಾತು, ಎರಡೂ ಒಂದೇ ಕೃತಿಯಲ್ಲಿ ಕೂಡಿ ನಿಂತದ್ದು ರನ್ನನ ಶಕ್ತಿ.

ಆಧುನಿಕ ತೆರೆಯಲ್ಲಿ ಈ ಎರಡೂ ಬೇರ್ಪಟ್ಟಿವೆ. ಐತಿಹಾಸಿಕ ಚಿತ್ರ ಒಂದು ಜಾತಿಯಾಯಿತು, ದೆವ್ವದ ಚಿತ್ರ ಇನ್ನೊಂದು ಜಾತಿಯಾಯಿತು. ಮೊದಲನೆಯದನ್ನು ವಿಮರ್ಶಕರು ದಾಖಲೆಯಿಂದ ಅಳೆಯುತ್ತಾರೆ, ಎರಡನೆಯದನ್ನು ಬೆಚ್ಚಿಬೀಳಿಸುವ ಶಕ್ತಿಯಿಂದ. ಆದರೆ ಪಶ್ಚಿಮದಲ್ಲಿಯೂ ಇವು ಹುಟ್ಟಿದ್ದು ಒಂದೇ ತೊಟ್ಟಿಲಲ್ಲಿ. ಗೋಥಿಕ್ ಕಾದಂಬರಿಯ ಮೊದಲನೆಯದೆಂದು ಎಣಿಸಲಾಗುವ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ 1764ರಲ್ಲಿ ಹೊರಬಂದಾಗ ಅದು ಹಳೆಯ ಇಟಾಲಿಯನ್ ಪುಸ್ತಕವೊಂದರ ಅನುವಾದವೆಂಬ ಸೋಗನ್ನು ಹಾಕಿಕೊಂಡಿತ್ತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ಲೇಖಕನು ಅದು ತನ್ನದೇ ಕಲ್ಪನೆಯೆಂದು ಒಪ್ಪಿಕೊಂಡು ‘ಗೋಥಿಕ್ ಕಥೆ’ ಎಂದು ಕರೆದನು. ಅದರ ವಸ್ತುವೂ ಗಮನಾರ್ಹ: ನಿಜವಾದ ಒಡೆಯನನ್ನು ಕೊಂದು ಕೋಟೆಯನ್ನು ಕಬಳಿಸಿದ ಮನೆತನ, ಕಾಣೆಯಾಗಿರುವ ಹಕ್ಕುದಾರ, ಅನ್ಯಾಯವಾಗಿ ಸತ್ತ ಹಿರಿಯನ ಮರಳುವಿಕೆ. ವಾರಸುದಾರಿಕೆಯ ವ್ಯಾಜ್ಯವೇ ಅಲ್ಲಿ ಭೂತದ ರೂಪ ತಾಳುತ್ತದೆ. ಕಿತ್ತೂರಿನ ಕಥೆಯ ಬೀಜವೂ ಇದೇ ಅಲ್ಲವೇ? ಒಪ್ಪಿಗೆ ಸಿಗದ ದತ್ತುಪುತ್ರ, ಬೀಗಮುದ್ರೆ ಬಿದ್ದ ಬೊಕ್ಕಸ, ಪಾಳುಬಿದ್ದ ಅರಮನೆ. ಇದಿಷ್ಟಿದ್ದೂ ನಮ್ಮ ಐತಿಹಾಸಿಕ ಚಿತ್ರಗಳು ಭಯಾನಕವನ್ನು ಹೊಸ್ತಿಲ ಹೊರಗೇ ನಿಲ್ಲಿಸಿದವು.

ಇತ್ತ ದೆವ್ವದ ಚಿತ್ರಗಳು ಮರುಳನ್ನು ಒಳಗೆ ಬಿಟ್ಟುಕೊಂಡವು, ಆದರೆ ಚರಿತ್ರೆಯನ್ನು ಕಲ್ಪಿಸಿಕೊಂಡವು. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ಇದಕ್ಕೆ ಸ್ಪಷ್ಟ ನಿದರ್ಶನ. ಹಳೆಯ ಅರಮನೆ, ಮುಚ್ಚಿದ ಕೋಣೆ, ರಾಜನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿ, ಅವಳಾಗಿ ಮಾರ್ಪಡುವ ಇಂದಿನ ಗೃಹಿಣಿ. ಇದರ ಮೂಲ ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993). ಮೂಲದಲ್ಲಿ ನಾಗವಲ್ಲಿ ತಮಿಳು ನರ್ತಕಿ. ಕನ್ನಡಕ್ಕೆ ಬಂದಾಗ ಅವಳು ತೆಲುಗು ಮಾತನಾಡುತ್ತಾಳೆ. ಹೀಗೆ ನೆನಪಿನ ದೆವ್ವಕ್ಕೆ ಪ್ರತಿಯೊಂದು ಭಾಷೆಯೂ ನೆರೆಯ ಭಾಷೆಯನ್ನೇ ಕೊಟ್ಟಿತು. ಕ್ರೌರ್ಯವೆಸಗಿದ ರಾಜ ಮಾತ್ರ ಯಾವ ಶಾಸನದಲ್ಲಿಯೂ ಸಿಗದ, ಯಾರ ವಂಶಕ್ಕೂ ನೋವಾಗದ ಕಾಲ್ಪನಿಕ ರಾಜ. ಮನೋವೈದ್ಯನ ವಿವರಣೆಯಿಂದ ದೆವ್ವ ಶಮನವಾಗುತ್ತದೆ. ಕೋಣೆಯೊಳಗಿನ ಅನ್ಯಾಯಕ್ಕೆ ಹೊಣೆಗಾರರು ಉಳಿಯುವುದಿಲ್ಲ.

ಈ ಎರಡು ಕವಲುಗಳು ಮತ್ತೆ ಹತ್ತಿರ ಬಂದದ್ದು ರಿಷಬ್ ಶೆಟ್ಟಿಯವರ ‘ಕಾಂತಾರ’ದಲ್ಲಿ (2022). ಕಥೆ ತೆರೆದುಕೊಳ್ಳುವುದು 1847ರಲ್ಲಿ: ನೆಮ್ಮದಿಯನ್ನು ಅರಸುವ ದೊರೆಯೊಬ್ಬ ದೈವದ ಕಲ್ಲಿಗೆ ಪ್ರತಿಯಾಗಿ ಕಾಡಿನ ಭೂಮಿಯನ್ನು ಜನರಿಗೆ ಬಿಟ್ಟುಕೊಡುತ್ತಾನೆ. ಮುಂದೆ ಅವನ ವಂಶಜನು ಆ ಮಾತನ್ನು ಮುರಿಯಲು ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ದೈವದ ಎಚ್ಚರಿಕೆ ಆ ಮೆಟ್ಟಿಲ ಮೇಲೆಯೇ ನಿಜವಾಗುತ್ತದೆ. ಇಲ್ಲಿ ಭಯ ಹುಟ್ಟುವುದು ಪಾಳುಮನೆಯಿಂದಲ್ಲ, ಭೂಮಿಯ ಒಪ್ಪಂದದಿಂದ. ಇನಾಮು ಭೂಮಿಯ ಮೇಲೆ ಹೊತ್ತಿದ ಕಿತ್ತೂರಿನ ಬಂಡಾಯಕ್ಕೆ ‘ಕಾಂತಾರ’ದ ಕಾಡು ಹಲವು ವೈಭವದ ಐತಿಹಾಸಿಕ ಚಿತ್ರಗಳಿಗಿಂತ ಹತ್ತಿರದ ನೆಂಟನಂತೆ ತೋರುವುದು ಈ ಕಾರಣದಿಂದ. ಆದರೂ ಅಲ್ಲಿಯ ದೊರೆಯೂ ಕಲ್ಪಿತನೇ.

ಭಯಾನಕವು ಎಲ್ಲಿಗೆ ಮುಟ್ಟಬೇಕೆಂಬುದಕ್ಕೂ ಕನ್ನಡದಲ್ಲಿ ನಿದರ್ಶನವಿದೆ. ಜನ್ನನ ‘ಯಶೋಧರ ಚರಿತೆ’ (1209) ತೆರೆದುಕೊಳ್ಳುವುದು ಚಂಡಮಾರಿಯ ಗುಡಿಯಲ್ಲಿ. ಬಲಿಗಾಗಿ ಹಿಡಿದು ತಂದ ಪಶುಪಕ್ಷಿಗಳು, ಅವುಗಳ ನಡುವೆ ಎಳೆಯ ವಯಸ್ಸಿನ ಇಬ್ಬರು ಜೈನ ವ್ರತಿಗಳು, ಎದುರಿಗೆ ಕತ್ತಿ ಹಿಡಿದ ಮಾರಿದತ್ತ. ಅಭಯರುಚಿ ಅಲ್ಲಿ ಹೇಳುವುದು ತನ್ನದೇ ಹಿಂದಿನ ಜನ್ಮಗಳನ್ನು: ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆ ಭವಭವಾಂತರಗಳಲ್ಲಿ ಬೆನ್ನಟ್ಟಿದ ಕಥೆಯನ್ನು. ಕೇಳುತ್ತ ಕೇಳುತ್ತ ರಾಜನ ಮನಸ್ಸು ತಿರುಗುತ್ತದೆ, ಬಲಿ ನಿಲ್ಲುತ್ತದೆ. ಬೀಭತ್ಸ ಭಯಾನಕಗಳನ್ನು ಜನ್ನ ಮೃದುಗೊಳಿಸುವುದಿಲ್ಲ, ಆದರೆ ಅವುಗಳಲ್ಲಿಯೇ ನಿಲ್ಲುವುದೂ ಇಲ್ಲ. ಅವು ತಿಳಿವಿಗೆ ದಾರಿಯಾಗುತ್ತವೆ. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿ ಮರಳಿ ಬರೆದರು. ಅವರೇ ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (1978) ಕೂಲಿ ಸೈನಿಕರ ಕಥೆಯನ್ನು ಹೇಳಲು ಚರಿತ್ರೆಯ ಯಾವ ವೀರನ ಹೆಸರನ್ನೂ ಹಿಡಿಯಲಿಲ್ಲ. ಸ್ಮಾರಕ ಕಟ್ಟುವ ಹೊರೆ ಇಲ್ಲದ್ದರಿಂದ ಆ ಚಿತ್ರ ಕಾಳಗದ ನಿರರ್ಥಕತೆಯನ್ನು ನೇರವಾಗಿ ನೋಡಬಲ್ಲದಾಯಿತು.

ಹೀಗಾಗಿ ಐತಿಹಾಸಿಕ ಚಿತ್ರವೊಂದರ ಮುಂದೆ ವಿಮರ್ಶಕನು ಇಡಬೇಕಾದ ಪ್ರಶ್ನೆ ಖಡ್ಗದ ಅಳತೆಯದಲ್ಲ. ಡೋರಿ–ಬೆಣಚಿ ಹಳ್ಳದ ದೃಶ್ಯವನ್ನೇ ತೆಗೆದುಕೊಳ್ಳಬಹುದು. ಖಡ್ಗ ಒಯ್ದವನನ್ನು ಚಿತ್ರ ಬರಿಯ ಖಳನನ್ನಾಗಿ ಮಾಡಿ ಮುಗಿಸಿದರೆ ಪ್ರೇಕ್ಷಕನು ಅವನನ್ನು ಶಪಿಸಿ ಹಗುರಾಗಿ ಮನೆಗೆ ಹೋಗುತ್ತಾನೆ. ಅವನೂ ಇದೇ ನೆಲದವನು, ಇದೇ ಮಾತಿನವನು, ತನ್ನ ಹೊಲ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಒಪ್ಪಿಸಿದವನು ಎಂದು ಚಿತ್ರ ತೋರಿಸಿದರೆ ಆಗ ಹುಟ್ಟುವುದು ನಿಜವಾದ ಭಯ: ನೋಡುವವನು ತಾನು ಆ ದಡದಲ್ಲಿ ಯಾವ ಕಡೆ ನಿಲ್ಲುತ್ತಿದ್ದೆನೆಂದು ಕೇಳಿಕೊಳ್ಳುವ ಭಯ. ಮಾರಿದತ್ತನ ಕೈಯ ಕತ್ತಿ ಇಳಿದದ್ದು ಇಂಥ ಭಯದಿಂದ. ರಾಯಣ್ಣನ ಚಿತ್ರಗಳು ಇನ್ನೂ ಆಗಬಹುದು. ಆದರೆ ರನ್ನನ ಮರುಳಿಗೆ ಜಾಗ ಕೊಡುವ ಚಿತ್ರ ಬರಬೇಕಾಗಿದೆ.

ಜನಪದವಾದರೋ ತನ್ನ ತೀರ್ಮಾನವನ್ನು ಆಗಲೇ ಮಾಡಿಕೊಂಡಿದೆ. ನಂದಗಡದಲ್ಲಿ ರಾಯಣ್ಣನ ಹೆಸರಿನ ಆಲದಮರವಿದೆ. ಅನ್ಯಾಯವಾಗಿ ಗಲ್ಲಿಗೇರಿದವನ ಮರವೆಂದರೆ ಬೇರೆ ಕಡೆ ಸಂಜೆಯ ಮೇಲೆ ಯಾರೂ ಹಾಯದ ತಾಣವಾಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಮಕ್ಕಳಿಲ್ಲದವರು ಬಂದು ಹರಕೆ ಹೊತ್ತು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಮತ್ತೆ ಹುಟ್ಟಿ ಬರುವೆನೆಂದು ಅವನು ಕೊನೆಯ ಗಳಿಗೆಯಲ್ಲಿ ಹೇಳಿದನೆಂಬ ಪ್ರತೀತಿಗೆ ಈ ಜನ ಕೊಟ್ಟ ಉತ್ತರ ಅದು. ಅವರು ಅವನನ್ನು ದೆವ್ವವೆಂದು ಹೆದರಲಿಲ್ಲ. ಮಗುವಾಗಿ ಬಾ ಎಂದು ಕರೆದರು. ದತ್ತುಪುತ್ರನ ಹಕ್ಕಿಗಾಗಿ ಹೊತ್ತಿಕೊಂಡ ಬಂಡಾಯದ ಕೊನೆಯ ಗುರುತು ಒಂದು ಬರಿದಾದ ತೊಟ್ಟಿಲು. ಯಾವ ಕ್ಯಾಮರಾವಾದರೂ ಕಿತ್ತೂರು ನಾಡಿಗೆ ಮತ್ತೆ ಬಂದರೆ, ಅಳ್ನಾವರದ ಬಳಿಯ ಹಳ್ಳದಿಂದ ನಂದಗಡದ ಈ ಮರದವರೆಗಿನ ದಾರಿಯನ್ನು ಮೊದಲು ನಡೆದು ನೋಡುವುದು ಒಳ್ಳೆಯದು.